ಸಾಕ್ಷಿಗಾಜು

ಓರ್ಬೆಲ್
11 ಜನವರಿ 2022

ಅಪ್ಪಾ,

ಅಲ್ಲ, ಅದಕ್ಕೇ ನಾನು ಮತ್ತೆ ಹೇಳ್ತಿರೋದು, ಕಾಗೆ ಕಪ್ಪಲ್ಲ! ಕಡುನೇರಳೆ. ನೀನು ಜೀವಮಾನವಿಡೀ ಕಪ್ಪು ಅಂದೆ, ನಾನೂ ನಂಬಿದೆ. ಇವತ್ತು ಕಿಟಕಿಯ ಆ ಬಣ್ಣದ ಗಾಜನ್ನ ಬೆಳಕಿನ ಮೇಜಿನ ಮೇಲಿಟ್ಟು ಹತ್ತಿಯಲ್ಲಿ ಒಂದು ಉಗುರಿನಷ್ಟು ಜಾಗ ಒರೆಸಿದೆ ನೋಡು, ಎಂಟುನೂರು ವರ್ಷದ ಮಸಿಯ ಕೆಳಗೆ ನೇರಳೆಹಣ್ಣಿನ ಬಣ್ಣ! ಕಿರುಚಿಬಿಟ್ಟೆ. ಪಕ್ಕದ ಕೋಣೆಯವರು ಗಾಜು ಒಡೀತೇನೋ ಅಂತ ಓಡಿಬಂದರು.

ಫೋನು ನಿನಗೆ ಕೇಳಿಸಲ್ಲ, ಮೆಸೇಜು ನೀನು ತೆಗೆದು ನೋಡಲ್ಲ. ಸರಿ, ಕಾಗದ. ಆದರೆ ನೀನು ಓದಿದೆಯಾ ಅಂತ ತೋರಿಸೋ ಎರಡು ನೀಲಿ ಗೀಟು ಇದಕ್ಕಿಲ್ಲ. ಬೇಗ ಉತ್ತರ ಬರಿ, ಇಲ್ಲಾಂದ್ರೆ ಮೂರು ಸಲ ಇದನ್ನೇ ಕಳಿಸ್ತೀನಿ.

ಜಲಪ್ರಳಯದ ಕಿಟಕಿಯ ನಲವತ್ತೆರಡು ಫಲಕಗಳೂ ಕೆಳಗಿಳಿದಿವೆ. ಮುಳುಗಿದ ಕುದುರೆ, ನೋಹನ ಹಡಗು, ಅವನು ಹಾರಿಬಿಟ್ಟ ಕಾಗೆ, ಎಲ್ಲವೂ. ಪೆಂತೆಕೋಸ್ತ್ ಹಬ್ಬಕ್ಕೆ, ಜೂನ್ ಐದಕ್ಕೆ, ಮತ್ತೆ ಮೇಲೆ ಕೂತಿರಬೇಕು. ಅವತ್ತು ಕ್ಯಾಥೆಡ್ರಲ್ಲಿನ ದಕ್ಷಿಣ ಭಾಗ ತೆರೀತಾರೆ, ಊರಿನ ಎಂಬತ್ತು ಮಕ್ಕಳು ಸರಿಯಾಗಿ ನಮ್ಮ ಕಿಟಕಿಯ ಕೆಳಗೇ ನಿಂತು ಹಾಡ್ತಾರೆ. ಗಾಜು ಉಜ್ಜೋರ ಆನ್‌ಲೈನ್ ಗುಂಪು ಇದೆಯಲ್ಲ, ಅದರಲ್ಲಿ ನಿನ್ನ 1991ರ ಸೀಸದ ಬೆಸುಗೆಯ ಫೋಟೋ ಹಾಕಿದೆ. "ಯಾರಪ್ಪಾ ಈ ದೇವರು?" ಅಂತ ಒಬ್ಬ ಕೇಳಿದ. "ನಮ್ಮಪ್ಪ" ಅಂತ ಬರೆದೆ. ನಾನೂರು ಹೃದಯ ಬಂತು!

ಈಗ ಮುಖ್ಯ ವಿಷಯ. ಕಾಗೆಯ ಫಲಕದ ಅಂಚಿನ ಸೀಸದ ಮೇಲೆ, ಇಳಿಸಿದವರೆಲ್ಲ ಹೆಸರು ಕೆತ್ತಿದ್ದಾರೆ, ನಮ್ಮ ಕಸುಬಿನ ಪದ್ಧತಿಯಂತೆ. ಆದರೆ ಇಲ್ಲಿ ಹೆಸರಿನ ಜೊತೆ ಇನ್ನೊಂದು ಇದೆ. "ವಿದಾಲ್, 1868, ಒಂದು ಕಾಳು." "ಬೆರ್ತೊ, 1923, ಎರಡು ಕಾಳು." ಗೋಧಿಕಾಳಿನ ಚಿತ್ರ ಕೂಡ ಇದೆ. ಕೊನೆಗೆ ನೀನು, "ಗ. ತೆರ್ನೋ, 1991." ಅದರ ಮುಂದೆ ಯಾರೋ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ ಜಾಗ.

ಏನದು ಕಾಳು? ನಿನ್ನದು ಎಷ್ಟು ಕಾಳು?

ನಿನ್ನ ಕಟ್ಟಾ ಅಭಿಮಾನಿ,
ಸಿದೋನಿ


ಬ್ರುಯೇರ್
20 ಜನವರಿ 2022

ಗುಬ್ಬಿ,

ಕಾಗೆ ಕಪ್ಪು. ನಿನ್ನ ಮೇಜಿನ ದೀಪ ಹೊಸದು, ಅದಕ್ಕೆ ಎಲ್ಲವೂ ನೇರಳೆ ಕಾಣುತ್ತದೆ.

ಕಾಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಹಳಬರು ಮಧ್ಯಾಹ್ನದ ಊಟಕ್ಕೆ ವೈನ್ ಕುಡಿದು ಮೇಲೆ ಹತ್ತುತ್ತಿದ್ದರು. ಏನು ಬೇಕಾದರೂ ಕೆತ್ತುತ್ತಿದ್ದರು.

ಎರಡು ಮಾತು ನೆನಪಿಡು. ಕಾಗೆಯ ಬೆನ್ನಿನ ಬಣ್ಣ ಹುಡಿಯಾಗಿದೆ, ಅದಕ್ಕೆ ನೀರು ಸೋಕಿಸಬೇಡ. ಮತ್ತೆ ಮೇಲೆ ಹೋದಾಗ ಕಿಟಕಿಯ ಕಲ್ಲಿನ ನಡುಗಂಬದ ಎಡಬದಿಗೆ ಮೆತ್ತಿದ ಎಣ್ಣೆಪುಟ್ಟಿಯನ್ನು ಕೆರೆಯಬೇಡ. ಅದು ನಾನು ಹಾಕಿದ್ದು. ನೂರು ವರ್ಷ ಬರುತ್ತದೆ. ನಾವು ಗಾಜಿನವರು, ಕಲ್ಲು ನಮ್ಮದಲ್ಲ.

ಊಟ ಸರಿಯಾಗಿ ಮಾಡು. ಸೀಸ ಮುಟ್ಟಿದ ಕೈಯಲ್ಲಿ ಬ್ರೆಡ್ಡು ಮುರಿಯಬೇಡ.

ಅಪ್ಪ


ಓರ್ಬೆಲ್
6 ಫೆಬ್ರವರಿ 2022

ಅಪ್ಪಾ,

ಬೈಬೇಡ. ಕೆರೆದೆ.

ಬೇಕಂತ ಅಲ್ಲ. ನಡುಗಂಬದ ಮೇಲೆ ಉದ್ದಕ್ಕೆ ತುಕ್ಕಿನ ನೀರಿನ ಕಲೆ ಇತ್ತು, ಎಲ್ಲಿಂದ ಬರುತ್ತೆ ಅಂತ ನೋಡಬೇಕಿತ್ತು. ಚಾಕುವಿನ ತುದಿ ಇಟ್ಟ ಕೂಡಲೇ ಅಕ್ರೋಟಿನ ಎಣ್ಣೆಯ ವಾಸನೆ! ಊರಲ್ಲಿ ಎಲ್ಲರೂ ಪುಟ್ಟಿಗೆ ಅಗಸೆ ಎಣ್ಣೆ ಹಾಕ್ತಾರೆ, ನೀನೊಬ್ಬನೇ ಅಕ್ರೋಟು. ಹದಿನೆಂಟು ಮೀಟರ್ ಎತ್ತರದಲ್ಲಿ ನಮ್ಮ ಅಡುಗೆಮನೆ ನೆನಪಾಗಿ ಕಣ್ಣು ತುಂಬಿಬಂತು, ನಂಬು.

ಕೆಳಗಿನ ಅಟ್ಟಣೆಯಿಂದ ಒಡಿಲ್ ಕೂಗಿದಳು. ಗೊತ್ತಲ್ಲ, ಕಲ್ಲಿನ ಕೆಲಸದವಳು, ಮೂವತ್ತು ವರ್ಷದಿಂದ ಇದೇ ಚರ್ಚಿನ ಕಲ್ಲು ಕಾಯ್ತಿದ್ದಾಳೆ.

"ಏಯ್ ಗಾಜಿನ ರಾಣಿ, ಅದು ನನ್ನ ಕಲ್ಲು! ನಿನ್ನ ಉಗುರು ಯಾಕೆ ಅಲ್ಲಿ?"

"ಕಲ್ಲಲ್ಲ, ಅಪ್ಪನ ಪುಟ್ಟಿ. ನೂರು ವರ್ಷ ಬರುತ್ತಂತೆ."

"ಪುಟ್ಟಿ ಬರುತ್ತೆ ಕಣೆ. ಕಲ್ಲು ಬರುತ್ತಾ ಕೇಳಿದೆಯಾ?"

ಅವಳು ಹತ್ತಿ ಬರೋ ಹೊತ್ತಿಗೆ ಪುಟ್ಟಿಯ ದೊಡ್ಡ ಹೆಂಟೆ ಕಿತ್ತು ಬಂದಿತ್ತು. ಹಿಂದೆ ಬಿರುಕು, ಅಪ್ಪಾ. ನನ್ನ ತೋರುಬೆರಳು ಮೊದಲ ಗೆಣ್ಣಿನ ತನಕ ಒಳಗೆ ಹೋಯಿತು. ಒಳಗೆ ತಣ್ಣಗಿತ್ತು, ಬಾವಿಯ ಬಾಯಿಯ ಹಾಗೆ. ಆಗ ಕಾಳು ಏನು ಅಂತ ಅರ್ಥ ಆಯಿತು. ಆ ಹಳಬರು ಬಿರುಕು ಅಳೆದಿದ್ದಾರೆ. ಒಂದು ಕಾಳು, ಎರಡು ಕಾಳು. ಈಗ ಬೆರಳು.

ಒಡಿಲ್ ತಮಾಷೆ ನಿಲ್ಲಿಸಿದಳು. ಗಾಜು ಹಿಡಿಯೋ ಕಬ್ಬಿಣದ ಅಡ್ಡಪಟ್ಟಿ ಕಲ್ಲಿನೊಳಗೆ ತುಕ್ಕು ಹಿಡಿದು ಊದ್ತಾ ಇದೆ, ಕಂಬವನ್ನ ಒಳಗಿಂದ ಸೀಳ್ತಾ ಇದೆ ಅಂದಳು. "ಈ ಕಂಬ ಕಿಟಕಿಯ ನೆತ್ತಿಯ ದುಂಡು ಕಲ್ಲನ್ನ ಹೊತ್ತಿದೆ. ಮೂರು ಹಸುವಿನ ತೂಕ. ಕೆಳಗೆ ನೋಡಬೇಡ" ಅಂದಳು. ನಾನು ನೋಡಿದೆ. ಹಾಡೋ ಮಕ್ಕಳ ಬೆಂಚು.

ಆದರೆ ಒಳ್ಳೆ ಸುದ್ದಿನೂ ಇದೆ! ಪುಟ್ಟಿಯ ಹಿಂದೆ ಬಿರುಕಿಗೆ ಅಡ್ಡಲಾಗಿ ನೀನಿಟ್ಟ ಸಾಕ್ಷಿಗಾಜು ಸಿಕ್ಕಿತು. ಬೆರಳಗಲದ ಹಸಿರು ಪಟ್ಟಿ, ಮೇಲೆ ನಿನ್ನ ಅಕ್ಷರದಲ್ಲಿ 1991. ಒಂದು ಚೂರೂ ಒಡೆದಿಲ್ಲ! ಕಲ್ಲು ಕೂದಲೆಳೆಯಷ್ಟು ಸರಿದರೂ ಸಾಕ್ಷಿ ಮುರೀಬೇಕು ತಾನೇ? ಮೂವತ್ತೊಂದು ವರ್ಷದಿಂದ ಕಲ್ಲು ಅಲ್ಲಾಡಿಲ್ಲ! ನಾನು ಒಡಿಲ್‌ಳನ್ನ ತಬ್ಬಿಕೊಂಡೆ. ಅವಳು ಗಾಜಿನ ತುದಿ ಒತ್ತಿ ನೋಡಿ ನಕ್ಕುಬಿಟ್ಟಳು.

"ಇದನ್ನ ಪುಟ್ಟಿಯಲ್ಲಿ ಕೂರಿಸಿದ್ದಾನಲ್ಲೇ! ಸಾಕ್ಷಿಯನ್ನ ಗಾರೆಯಲ್ಲಿ ಕೂರಿಸ್ಬೇಕು, ಗಟ್ಟಿಯಾಗಿ. ಪುಟ್ಟಿ ಬಗ್ಗುತ್ತೆ. ಈ ಚರ್ಚನ್ನೇ ಎತ್ತಿ ಜರ್ಮನಿಗೆ ಒಯ್ದರೂ ಈ ಗಾಜು ಮುರಿಯಲ್ಲ. ಗಾಜಿನವರು ನೀವು, ಏನು ಕೊಟ್ರೂ ಮೆತ್ತಗೆ ಕೂರಿಸ್ತೀರಿ!"

ಅಭ್ಯಾಸಬಲ, ಅಲ್ವಾ ಅಪ್ಪಾ? ಕೈ ತಾನೇ ಪುಟ್ಟಿಗೆ ಹೋಗಿರುತ್ತೆ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ.

ಸಿದೋನಿ


ಬ್ರುಯೇರ್
14 ಫೆಬ್ರವರಿ 2022

ಗುಬ್ಬಿ,

ಹೌದು, ಅಭ್ಯಾಸಬಲ. 1991ರಲ್ಲಿ ಇಟ್ಟೆ. ಕಲ್ಲಿನವರು ಆ ವಾರ ರಜೆಯಲ್ಲಿದ್ದರು, ಕೈಗೆ ಸಿಕ್ಕಿದ್ದರಲ್ಲಿ ಕೂರಿಸಿದೆ.

ಓರ್ಬೆಲ್‌ನ ಕಲ್ಲುಗಳೆಲ್ಲ ಸೀಳಿವೆ. ನೂರೈವತ್ತು ವರ್ಷದಿಂದ ಆ ಬಿರುಕು ಅಲ್ಲೇ ಇದೆ, ಯಾರ ತಲೆಯ ಮೇಲೂ ಏನೂ ಬಿದ್ದಿಲ್ಲ. ಒಡಿಲ್ ಒಳ್ಳೆಯವಳು. ಆದರೆ ಕಲ್ಲಿನವರಿಗೆ ಕಂಡದ್ದೆಲ್ಲ ಬೀಳುವಂತೆಯೇ ಕಾಣುತ್ತದೆ.

ಸೇಂತ್-ವೊಲ್ಬೆರ್ ಚರ್ಚಿನ ಕಿಟಕಿಗಳು ನೆನಪಿವೆಯೇ? ನಿನಗೆ ನೆನಪಿರಲಾರದು, ನೀನು ನೋಡೇ ಇಲ್ಲ. ಯಾರೂ ನೋಡಿಲ್ಲ. ಗೋಡೆ ಅಪಾಯ ಎಂದು ಎರಡು ವರ್ಷದ ಮಟ್ಟಿಗೆ ಪೆಟ್ಟಿಗೆಗೆ ಹಾಕಿದರು. ಇಪ್ಪತ್ತಾರು ವರ್ಷದ ನಂತರ ಪೆಟ್ಟಿಗೆ ತೆರೆಯಲು ನನ್ನನ್ನು ಕರೆದರು. ಕಾಗದ ಬಿಡಿಸಿದೆ. ಸಂತರ ಮುಖಗಳೆಲ್ಲ ಕಾಗದಕ್ಕೆ ಅಂಟಿಕೊಂಡು ಬಂದವು. ಗಾಜಿನಲ್ಲಿ ಮುಖಗಳೇ ಉಳಿದಿರಲಿಲ್ಲ.

ಬಿರುಕು ಮುಚ್ಚು. ಫಲಕ ಕೂರಿಸು. ನಿನ್ನ ಹೆಸರು ಕೆತ್ತು. ಕಾಳಿನ ಸಹವಾಸ ಬೇಡ.

ಅಪ್ಪ


ಓರ್ಬೆಲ್
2 ಮಾರ್ಚ್ 2022

ಅಪ್ಪಾ,

ಇವತ್ತು ಆ ಸಾಕ್ಷಿಗಾಜನ್ನ ತೊಳೆದೆ.

ಒಂದು ಬದಿಯ ಅಂಚು ನೇರ ಇಲ್ಲ. ನಡುವೆ ಗಾಜು ಕೊಯ್ಯೋ ಕಟರ್ ಜಾರಿದೆ, ಬೆಕ್ಕಿನ ಹಲ್ಲಿನ ಆಕಾರದಲ್ಲಿ ಒಂದು ಕಚ್ಚು. ಆ ಕಚ್ಚನ್ನ ನಾನು ಎಲ್ಲಿದ್ರೂ ಗುರುತಿಸ್ತೀನಿ. ನನ್ನ ಹೆಬ್ಬೆರಳಲ್ಲಿ ಅದರ ಜೋಡಿ ಇದೆ.

ನನಗೆ ಒಂಬತ್ತು ವರ್ಷ. ಅಕ್ಟೋಬರ್ ರಜೆ, 2004. ಒಡೆದ ಬಾಟಲಿಯ ಹಸಿರು ತುಂಡು ಕೊಟ್ಟು "ಕೊಯ್ಯಿ ನೋಡೋಣ" ಅಂದೆ. ನನ್ನ ಮೊದಲ ಕೊಯ್ತ. ಕಟರ್ ಜಾರಿ ರಕ್ತ ಬಂತು, ನಾನು ಅಳಲಿಲ್ಲ, ನೀನು ಆ ಪಟ್ಟಿಯನ್ನ ಏಪ್ರನ್ ಜೇಬಿಗೆ ಹಾಕಿಕೊಂಡು "ಇದು ನನ್ನ ಹತ್ತಿರ ಇರಲಿ" ಅಂದೆ. ಆಮೇಲೆ ನಾನು ಅದನ್ನ ಎಷ್ಟು ವರ್ಷ ಹುಡುಕಿದೆ ಗೊತ್ತಾ? ನಿನ್ನ ಡ್ರಾಯರು, ಅಮ್ಮನ ಡಬ್ಬಿ. ಬಿಸಾಕಿದೆ ಅಂದುಕೊಂಡೆ.

ಮೇಲೆ ನಿನ್ನ ಕೈಯಲ್ಲಿ 1991 ಅಂತ ಬರೆದಿದೆ. ನಾನು ಹುಟ್ಟಿದ್ದೇ 1995.

ಇನ್ನೊಂದು. ಸೀಸದ ಮೇಲೆ ನುಣ್ಣಗೆ ಉಜ್ಜಿದ ಜಾಗಕ್ಕೆ ಅಡ್ಡಬೆಳಕು ಹಾಕಿ ನೋಡಿದೆ. ಮೂರು ಕಾಳು. ನೀನೂ ಕೆತ್ತಿದ್ದೆ. ಆಮೇಲೆ ಅಳಿಸಿದೆ.

ಈಗ ನೀನೇ ಹೇಳು. ಹದಿಮೂರು ವರ್ಷ ಬಿಟ್ಟು ಯಾಕೆ ಮತ್ತೆ ಹತ್ತಿದೆ? ಅಲ್ಲಿ ಮೊದಲು ಇದ್ದ ಗಾಜು ಏನಾಗಿತ್ತು?

ಸಿದೋನಿ


ಓರ್ಬೆಲ್
21 ಮಾರ್ಚ್ 2022

ಅಪ್ಪಾ,

ನಿನ್ನೆ ನಿನ್ನ ಮನೆಯಲ್ಲಿ ಎರಡು ಗಂಟೆ ಕೂತಿದ್ದೆ. ನೀನು ಈರುಳ್ಳಿ ಸೂಪು ಬಡಿಸಿದೆ, ಚೀಸು ತುರಿದೆ, ಇನ್ನೊಂದು ಸೌಟು ಅಂದೆ, ಪಕ್ಕದ ಮನೆಯ ನಾಯಿ ಸತ್ತ ಕತೆ ಹೇಳಿದೆ. ನಾನು ಕೇಳಿದ್ದಕ್ಕೆ ಮಾತ್ರ ಕಿವಿ ತೋರಿಸಿ ನಕ್ಕೆ. ನಾಯಿಯ ವಿಷಯ ಕೇಳಿದಾಗ ಕೇಳಿಸ್ತಲ್ಲ?

ಅಲ್ಲಿ ಹೇಳೋಕಾಗದೆ ವಾಪಸ್ ತಂದದ್ದನ್ನ ಬರೀತಿದ್ದೀನಿ. ಮಾರ್ಚ್ 3ಕ್ಕೆ ನಾನು, ಒಡಿಲ್ ಸೇರಿ ಹೊಸ ಸಾಕ್ಷಿ ಇಟ್ವಿ. ತೆಳು ಗಾಜು, ಎರಡೂ ತುದಿಗೆ ಗಾರೆ. 14ಕ್ಕೆ ಹತ್ತಿದಾಗ ನಡುವೆ ಮುರಿದಿತ್ತು. ಹನ್ನೊಂದೇ ದಿನ. ಒಡಿಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. ಯಾರಾದರೂ ಸತ್ತಾಗ ಅವಳು ಹಾಗೆ ಮಾಡ್ತಾಳೆ.

ಏಪ್ರಿಲ್ ಮೊದಲ ವಾರ ವಾಸ್ತುಶಿಲ್ಪಿ ಮದಾಮ್ ವೊಕ್ಲೆರ್ ಬರ್ತಾರೆ. ಚರ್ಚಿನ ಯಾವ ಬಾಗಿಲು ತೆರೀಬೇಕು, ಯಾವುದು ಮುಚ್ಚಬೇಕು ಅಂತ ಬರೆದುಕೊಡೋರು ಅವರೇ. ನಾನು ಹೇಳ್ತೀನಿ.

ಸೂಪು ಚೆನ್ನಾಗಿತ್ತು.

ಸಿದೋನಿ


ಬ್ರುಯೇರ್
25 ಮಾರ್ಚ್ 2022

ಸಿದೋನಿ,

ಓದಿ ಸುಟ್ಟುಬಿಡು.

1991ರಲ್ಲಿ ಕಿಟಕಿಯ ಹೊರಗೆ ಕಾಪುಗಾಜು ಹಾಕಬೇಕೆಂದು ತೀರ್ಮಾನವಾಯಿತು. ಮಳೆ, ಹೊಗೆ ತಾಕದಿರಲಿ ಎಂದು. ಅದನ್ನು ನಿಲ್ಲಿಸಲು ನಡುಗಂಬಕ್ಕೆ ಎಂಟು ತೂತು ಕೊರೆಯಬೇಕಿತ್ತು. ಆಗಿನ ಕಲ್ಲಿನವನು ಅರ್ಮಾನ್, "ಆ ಕಂಬ ಮುಟ್ಟಬೇಡ ಗಸ್ಪಾರ್, ಮೊದಲು ನಾನು ಕಬ್ಬಿಣ ತೆಗೆಯುತ್ತೇನೆ, ಮೂರು ವರ್ಷ ಕೊಡು" ಎಂದ. ಮೂರು ವರ್ಷ ಎಂದರೆ ಪೆಟ್ಟಿಗೆ. ಅವನು ರಜೆಗೆ ಹೋದ ವಾರ ನಾನು ಕೊರೆದೆ. ಮೂರನೆಯ ತೂತಿಗೆ ಕಲ್ಲಿನೊಳಗೆ ಒಂದು ಸದ್ದಾಯಿತು. ಒಣಗಿದ ಬ್ರೆಡ್ಡು ಮುರಿದ ಹಾಗೆ, ಅಷ್ಟೇ ಸಣ್ಣ ಸದ್ದು. ಉಳಿದ ಐದನ್ನೂ ಕೊರೆದೆ.

ಆಗ ಸಾಕ್ಷಿಯನ್ನು ಗಾರೆಯಲ್ಲೇ ಇಟ್ಟಿದ್ದೆ, ಸರಿಯಾಗಿ. ಆ ವರ್ಷ, ಮರುವರ್ಷ ನೋಡಿದೆ, ಮುರಿದಿರಲಿಲ್ಲ. ಆಮೇಲೆ ನೋಡುವುದನ್ನು ಬಿಟ್ಟೆ. 2004ರಲ್ಲಿ ಪಾರಿವಾಳದ ಗೂಡು ತೆಗೆಯಲು ಹತ್ತಿದವನು ನೋಡಿದೆ. ಎರಡು ತುಂಡಾಗಿತ್ತು, ನಡುವೆ ಕಿರುಬೆರಳು ಹೋಗುವಷ್ಟು ಜಾಗ. ಜೇಬಿನಲ್ಲಿ ನಿನ್ನ ಹಸಿರು ಪಟ್ಟಿ ಇತ್ತು.

ಪುಟ್ಟಿಯಲ್ಲಿ ಕೂರಿಸಿದ್ದು ಅಭ್ಯಾಸಬಲದಿಂದಲ್ಲ. ಮುರಿಯಬಾರದು ಎಂದೇ ಕೂರಿಸಿದೆ. ಆಮೇಲೆ ಪ್ರತಿವರ್ಷ ಹತ್ತಿ, ಒಂದಿಷ್ಟು ಪುಟ್ಟಿ ಬಿಡಿಸಿ ನೋಡುತ್ತಿದ್ದೆ. ಇಡಿಯಾಗಿರುತ್ತಿತ್ತು. ಮತ್ತೆ ಮುಚ್ಚಿ ಇಳಿಯುತ್ತಿದ್ದೆ. ನಿನಗೆ ನಗು ಬರಬಹುದು, ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಮಾಧಾನವಾಗುತ್ತಿತ್ತು.

ಜನರ ಬಗ್ಗೆ ಯೋಚಿಸಲಿಲ್ಲವೇ ಎಂದು ಕೇಳುತ್ತೀಯ. ಯೋಚಿಸಿದೆ. ನೀನೂ ಆ ಬೆಂಚಿನಲ್ಲಿ ನಿಂತು ಆರು ವರ್ಷ ಹಾಡಿದೆ. ಪ್ರತಿ ಹಾಡಿಗೂ ನಾನು ಮೇಲೆ ನೋಡುತ್ತಿದ್ದೆ. ನೀನು, ಅಪ್ಪ ಕಿಟಕಿಯನ್ನು ಎಷ್ಟು ಪ್ರೀತಿಸುತ್ತಾನೆ ಎಂದುಕೊಂಡೆ.

ವೊಕ್ಲೆರ್‌ಗೆ ಬಿರುಕು ಹಳೆಯದು ಎನ್ನು. ನನ್ನ ಹೆಸರು ಬೇಡ. ಈ ಕಿಟಕಿ ಬಿಟ್ಟರೆ ನನ್ನದು ಎನ್ನಲು ಏನೂ ಇಲ್ಲ, ನೀನೊಬ್ಬಳನ್ನು ಬಿಟ್ಟು.

ಅಪ್ಪ


ಓರ್ಬೆಲ್
24 ಏಪ್ರಿಲ್ 2022

ಅಪ್ಪಾ,

ನಿನ್ನ ಕಾಗದ ಸುಟ್ಟೆ. ಒಂದು ತಿಂಗಳಿಂದ ಅದಕ್ಕೆ ಉತ್ತರ ಬರೀಬೇಕು ಅಂತ ಕೂತು ಏಳ್ತಿದ್ದೀನಿ. ಆಗ್ತಿಲ್ಲ. ನಡೆದದ್ದು ಮಾತ್ರ ಬರೀತೀನಿ.

ವೊಕ್ಲೆರ್‌ಗೆ ಬಿರುಕು ತೋರಿಸಿದೆ. ಹಳೆಯದು ಅಂದೆ. ನಿನ್ನ ಹೆಸರು ಹೇಳಲಿಲ್ಲ. ಎಂಟು ತೂತಿನ ವಿಷಯವೂ ಹೇಳಲಿಲ್ಲ. ಒಡಿಲ್ ನನ್ನ ಮುಖವನ್ನೇ ನೋಡ್ತಿದ್ದಳು.

ವೊಕ್ಲೆರ್ ಕನ್ನಡಕ ಒರೆಸ್ತಾ ಅಂದರು, "ಮಾರ್ಚಿನಲ್ಲಿ ಮುರಿದದ್ದು ಚಳಿಗೂ ಇರಬಹುದಮ್ಮ. ನನ್ನೆದುರಿಗೆ ಇನ್ನೊಂದು ಇಡಿ. ಹಬ್ಬದ ತನಕ ಮುರೀಲಿಲ್ಲ ಅಂದ್ರೆ ತೆರೆಯೋಣ. ಕಂಬದ ಕೆಲಸ ಬೇಸಿಗೆ ಮುಗಿದ ಮೇಲೆ. ಮುರಿದ್ರೆ ಅವತ್ತೇ ಬೀಗ."

ಒಡಿಲ್ ತಡೀಲಿಲ್ಲ. "ಮದಾಮ್, ಕಲ್ಲು ಹಬ್ಬದ ಪಟ್ಟಿ ನೋಡಿಕೊಂಡು ಬೀಳಲ್ಲ."

"ನೀವು ನನಗೆ ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀರಿ, ಒಡಿಲ್."

"ಹೌದು, ಮೂವತ್ತು ವರ್ಷದಿಂದ ಒಂದು ಸಲಾನೂ ಕೇಳಿಸಿಕೊಂಡಿಲ್ಲ ನೀವು."

ಏಪ್ರಿಲ್ 7ಕ್ಕೆ ಇಟ್ವಿ. ಗಾರೆ ನಾನೇ ಕಲಸಿದೆ, ತಾರೀಕು ನಾನೇ ಬರೆದೆ. ಅವತ್ತಿಂದ ಬೆಂಚುಗಳ ಸುತ್ತ ಹಗ್ಗ ಕಟ್ಟಿದ್ದಾರೆ. ಮಕ್ಕಳು ಅಭ್ಯಾಸಕ್ಕೆ ಶಾಲೆಗೆ ಹೋಗ್ತಾರೆ, ಅವರ ಅಮ್ಮಂದಿರಿಗೆ ನನ್ನ ಮೇಲೆ ಸಿಟ್ಟು. ಬೇಕರಿಯ ಮುದುಕ ಬ್ರೆಡ್ಡು ಕೊಡ್ತಾ ಎಲ್ಲರಿಗೂ ಕೇಳೋ ಹಾಗೆ ಕೂಗ್ತಾನೆ, "ಏನಮ್ಮ ನೋಹ, ಪ್ರಳಯ ಯಾವಾಗ? ನನ್ನ ಹಿಟ್ಟು ಮಾಳಿಗೆಗೆ ಏರಿಸಬೇಕು!" ಸಾಲಿನಲ್ಲಿ ಎಲ್ಲರೂ ನಗ್ತಾರೆ. ನಾನೂ ನಗ್ತೀನಿ.

ನಿನ್ನ ಬೆಸುಗೆಯ ಫೋಟೋ ಗುಂಪಿನಿಂದ ತೆಗೆದುಬಿಟ್ಟೆ. ಯಾಕೆ ತೆಗೆದೆ ಅಂತ ಇನ್ನೂ ಕೇಳ್ತಿದ್ದಾರೆ.

ಫಲಕಗಳು ಒಂದೊಂದಾಗಿ ಮೇಲೆ ಹೋಗ್ತಿವೆ. ಕಾಗೆಯದು ಕೊನೆಗೆ. ಅದರ ಸೀಸದ ಮೇಲೆ ನಾನಿನ್ನೂ ಏನೂ ಕೆತ್ತಿಲ್ಲ.

ಸಿದೋನಿ


ಬ್ರುಯೇರ್
30 ಮೇ 2022

ನನ್ನ ಗುಬ್ಬಿ,

ಸಾಕ್ಷಿ ಇಡಿಯಾಗಿದೆ ಎಂದು ಊರೆಲ್ಲ ಹೇಳುತ್ತಿದೆ. ನೋಡಿದೆಯಾ? ಕಲ್ಲು ಸುಮ್ಮನಾಗಿದೆ. ವಯಸ್ಸಾದ ಮೇಲೆ ಎಲ್ಲರೂ ಒಂದಿಷ್ಟು ನರಳಿ ಸುಮ್ಮನಾಗುತ್ತಾರೆ, ಕಲ್ಲೂ ಅಷ್ಟೇ.

ಗುರುವಾರ, ಸ್ವರ್ಗಾರೋಹಣದ ಹಬ್ಬಕ್ಕೆ, ನಿಮ್ಮಮ್ಮನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಲು ಬಂದಿದ್ದೆ. ನೀವೆಲ್ಲ ರಜೆಯಲ್ಲಿದ್ದಿರಿ. ಮೊಣಕಾಲು ಇನ್ನೂ ನೋಯುತ್ತಿದೆ, ಎರಡು ದಿನ ಹಾಸಿಗೆಯಲ್ಲೇ ಇದ್ದೆ. ಕೆಳಗಿನಿಂದಲೇ ಕಿಟಕಿ ನೋಡಿದೆ. ಮುಳುಗಿದ ಕುದುರೆಯ ಕಣ್ಣನ್ನು ನೀನು ಒರೆಸಿದ ರೀತಿ, ಅದು ನನ್ನಿಂದ ಆಗುತ್ತಿರಲಿಲ್ಲ. ನೀನು ನನಗಿಂತ ಒಳ್ಳೆಯ ಕೈಯವಳು.

ಭಾನುವಾರ ಬರುತ್ತೇನೆ. ಮೂರನೆಯ ಸಾಲು, ಕಿಟಕಿಯ ಕೆಳಗೆ, ಮಕ್ಕಳ ಹಿಂದೆಯೇ ಕೂರುತ್ತೇನೆ. ನನ್ನ ಮಾತಿನ ಮೇಲೆ ನನಗೆ ಅಷ್ಟು ನಂಬಿಕೆ ಇದೆ. ಕಾಗೆಯ ಪಕ್ಕ ನಿನ್ನ ಹೆಸರು ಕೆತ್ತು, ನನ್ನ ಹೆಸರಿನ ಕೆಳಗೆ. ನನಗೆ ಬೇರೇನೂ ಬೇಡ.

ಅಪ್ಪ


ಓರ್ಬೆಲ್
4 ಜೂನ್ 2022, ಶನಿವಾರ ಮಧ್ಯಾಹ್ನ

ಅಪ್ಪಾ,

ಇದನ್ನ ಅಂಚೆಗೆ ಹಾಕ್ತಿಲ್ಲ. ಒಡಿಲ್ ಕೈಯಲ್ಲಿ ಕಳಿಸಿದ್ದೀನಿ. ನೀನು ಓದೋವಾಗ ಅವಳು ನಿನ್ನ ಬಾಗಿಲಲ್ಲೇ ನಿಂತಿರ್ತಾಳೆ. ಒಳಗೆ ಕರೀಬೇಡ, ಸೂಪು ಬಡಿಸಬೇಡ, ನಾಯಿಯ ಕತೆ ಹೇಳಬೇಡ. ಅವಳು ಉತ್ತರ ತಗೊಂಡೇ ಬರ್ತಾಳೆ.

ನಿನ್ನೆ ವೊಕ್ಲೆರ್ ಅಟ್ಟಣೆಯ ಕೆಳಗಿನ ಮಜಲಿನಿಂದ ದುರ್ಬೀನು ಹಿಡಿದು ಸಾಕ್ಷಿ ನೋಡಿದರು. ಇಡಿ. ತಾರೀಕು ಸರಿ. ಫೋಟೋ ತೆಗೆದರು, ಸಹಿ ಹಾಕಿದರು, ಹಗ್ಗ ಬಿಚ್ಚಿಸಿದರು. ಬೆಂಚಿನ ಮೇಲೆ ಹೂವು ಕಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಮಕ್ಕಳು ಅಲ್ಲೇ ಅಭ್ಯಾಸ ಮಾಡಿದರು, ಎಂಬತ್ತು ಜನ, ಕೆಂಪು ಶಾಲು ಹೊದ್ದು. ಬೇಕರಿಯ ಮುದುಕನ ಮೊಮ್ಮಗಳು ಮುಂದಿನ ಸಾಲಿನಲ್ಲಿದ್ದಾಳೆ, ನನ್ನನ್ನ ನೋಡಿ ಕೈ ಬೀಸಿದಳು.

ನಾನು ಕಾಗೆಯ ಫಲಕ ಹೊತ್ತು ಮೇಲೆ ಹೋದೆ. ಕೂರಿಸೋ ಮೊದಲು ಸಾಕ್ಷಿಯನ್ನ ಒಂದು ಸಲ ಹತ್ತಿರದಿಂದ ನೋಡೋಣ ಅನ್ನಿಸಿತು. ಗಾಜು ಇಡಿ. ಏಪ್ರಿಲ್ 7. ಏಳರ ಹೊಟ್ಟೆಗೆ ನಾನು ಹಾಕೋ ಅಡ್ಡಗೀಟು ಕೂಡ ಇದೆ. ಆ ಗೀಟು ನನಗೆ ಕಲಿಸಿದ್ದು ನೀನು.

ಖುಷಿಯಾಗಿ ಮುಟ್ಟಿದೆ. ಬಿಳಿ ಬಳಿದ ಗಾರೆಯ ಅಂಚಿಗೆ ಹೆಬ್ಬೆರಳಿನ ಉಗುರು ತಾಗಿತು. ಉಗುರು ಒಳಗೆ ಹೋಯಿತು, ಅಪ್ಪಾ. ಬೆಣ್ಣೆಗೆ ಹೋದ ಹಾಗೆ.

ಬೆರಳು ಮೂಗಿಗೆ ಹಿಡಿದೆ. ಅಕ್ರೋಟು.

ಆಗ ನಿನ್ನ ಮೊಣಕಾಲು ನೆನಪಾಯಿತು. ಅಮ್ಮನ ಮೇಣದಬತ್ತಿ ಹಚ್ಚೋ ಜಾಗಕ್ಕೆ ಒಂದು ಮೆಟ್ಟಿಲೂ ಇಲ್ಲ. ರಜೆಯಲ್ಲಿ ಅಟ್ಟಣೆಗೆ ಬೀಗ; ಉತ್ತರದ ಗೋಪುರ ಹತ್ತಿ, ಛಾವಣಿ ದಾಟಿ ನಮ್ಮ ಕಿಟಕಿಗೆ ಇಳಿಯೋ ದಾರಿಗೆ ಇನ್ನೂರ ಹನ್ನೆರಡು. ಆ ಬೀಗದ ಕೈ ನೀನು ವಾಪಸ್ ಕೊಟ್ಟೇ ಇಲ್ಲ, ಅಲ್ವಾ? ಎಪ್ಪತ್ತೆರಡು ವರ್ಷಕ್ಕೆ, ಜೇಬಿನಲ್ಲಿ ಪುಟ್ಟಿಯ ಉಂಡೆ, ಗಾಜಿನ ಪಟ್ಟಿ ಇಟ್ಟುಕೊಂಡು, ಒಬ್ಬನೇ. ಎಷ್ಟು ಸಲ ಕೂತು ಎದ್ದಿರಬೇಕು. ನಿನ್ನ ಮೇಲೆ ಸಿಟ್ಟು ಬರೋ ಮೊದಲು, ಬಿದ್ದಿದ್ರೆ ಗತಿ ಏನು ಅಂತ ಹೆದರಿದೆ. ಅದಕ್ಕೂ ನನಗೆ ಸಿಟ್ಟು ಬಂತು.

ಬಿರುಕಿನ ಮೇಲ್ಭಾಗಕ್ಕೆ ಬೆರಳು ಇಟ್ಟು ನೋಡಿದೆ. ಫೆಬ್ರವರಿಯಲ್ಲಿ ಮೊದಲ ಗೆಣ್ಣು. ಈಗ ಎರಡನೆಯದು.

ಫಲಕ ಕೂರಿಸಲಿಲ್ಲ. ಕಾಗೆ ನನ್ನ ಮೇಜಿನ ಮೇಲೇ ಇದೆ, ಸೀಸ ಖಾಲಿ. ವಿದಾಲ್ ಒಂದು ಕಾಳು ಅಂತ ಕೆತ್ತಿ ಮನೆಗೆ ಹೋದ. ಬೆರ್ತೊ ಎರಡು ಕಾಳು ಅಂತ ಕೆತ್ತಿ ಮನೆಗೆ ಹೋದ. ನೀನು ಕೆತ್ತಿ ಅಳಿಸಿದೆ. ನಾನೂ ಏಪ್ರಿಲ್‌ನಲ್ಲಿ ನಿನ್ನ ಹೆಸರು ನುಂಗಿ, ಹಳೇ ಬಿರುಕು ಅಂದೆ. ಎಂಟು ತೂತಿನ ಮಾತು ಅವತ್ತೇ ಹೇಳಿದ್ರೆ ವೊಕ್ಲೆರ್ ಅವತ್ತೇ ಬೀಗ ಹಾಕ್ತಿದ್ದರು. ಇವತ್ತು ನಾನು ಬರೀ ಪುಟ್ಟಿ ಮೆತ್ತಗಿದೆ ಅಂದ್ರೆ, ಚರ್ಚು ಮುಚ್ಚಿಸೋಕೆ ನಾನೇ ಗಾಜು ಬದಲಿಸಿದೆ ಅಂತಾರೆ. ಯಾರೂ ನಂಬಲ್ಲ, ಅಪ್ಪಾ. ಊರಿಗೆ ನಾನು ನೋಹ.

ಒಂದು ಸುಳ್ಳು ನಾನೂ ಹೇಳಿದ್ದೀನಿ. ನಿನ್ನ ಮಾರ್ಚಿನ ಕಾಗದ ಸುಟ್ಟಿಲ್ಲ. ನಿನ್ನ ಹಳೇ ಏಪ್ರನ್ನಿನ ಜೇಬಿನಲ್ಲಿದೆ, ನೀನು ನನ್ನ ಹಸಿರು ಪಟ್ಟಿ ಹಾಕಿಕೊಂಡಿದ್ದೆಯಲ್ಲ, ಅದೇ ಜೇಬು.

ಸಂಜೆ ಆರಕ್ಕೆ ವೊಕ್ಲೆರ್ ಕೊನೆಯ ಸಲ ಬರ್ತಾರೆ. ಅವರ ಕೈಗೆ ಒಂದು ಕಾಗದ ಸಿಗುತ್ತೆ. ಅದು ನಾನು ಕದ್ದು ಇಟ್ಟ ಮಾರ್ಚಿನದಾಗಬೇಕೋ, ನೀನು ಈಗ ಒಡಿಲ್ ಕೈಯಲ್ಲಿ ಕೊಡೋದಾಗಬೇಕೋ, ಅದಷ್ಟೇ ನಿನಗೆ ಉಳಿದಿರೋದು. ಉದ್ದಕ್ಕೆ ಬರೀಬೇಡ. ಸುಮ್ಮನಾದ ಕಲ್ಲಿನ ಬಗ್ಗೆ ಬರೀಬೇಡ. ನಾಳೆ ಮೂರನೆಯ ಸಾಲಿನಲ್ಲಿ ಕೂರ್ತೀನಿ ಅಂತ ಧೈರ್ಯ ತೋರಿಸಬೇಡ, ನಿನ್ನ ಮುಂದಿನ ಎರಡು ಸಾಲಿನ ಮಕ್ಕಳನ್ನ ಯಾರೂ ಕೇಳಿಲ್ಲ.

ಒಂದೇ ಒಂದಕ್ಕೆ ಉತ್ತರ ಬರಿ, ಬರೆದು ಸಹಿ ಹಾಕು. ಸ್ವರ್ಗಾರೋಹಣದ ಗುರುವಾರ ನೀನು ಮೇಲೆ ಹತ್ತಿದಾಗ ನಾನು ಗಾರೆಯಲ್ಲಿ ಕೂರಿಸಿದ ಗಾಜು ಅಲ್ಲಿತ್ತಲ್ಲ.

ಅದು ಎಷ್ಟು ಚೂರಾಗಿತ್ತು?

ಸಿದೋನಿ